ಅವನಿಗೆ ಕುಡಿಸಿದ ಬಿಸಿ ಚಹಾ

"ಯಾಕ್ರೀ... ನನ್ನ ಕೈಯಾಗ ವಿಷ ಐತೇನ್ರಿ?"

ಅರುಣಾಳ ಮಾತಿಗೆ ಕುರುಗೋಡಿನ ಆ ಪಡಸಾಲೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು!

ಹೆಣ್ಣು ನೋಡಲು ಬಳ್ಳಾರಿಯಿಂದ ಬಂದಿದ್ದ ಚನ್ನಬಸವರಾಜ, ಅವಳು ಕೊಟ್ಟ ಚಹಾ ಮುಟ್ಟದೆ ಕೆಳಗಿಟ್ಟಿದ್ದ. ಹುಡುಗ ಚಹಾ ಕುಡಿಯದಿದ್ದರೆ ಹುಡುಗಿ ಮನಸ್ಸಿಗೆ ಬಂದಿಲ್ಲ ಎಂದೇ ಅರುಣಾಳ ಮನೆತನದವರ ಲೆಕ್ಕ. ಬಾಗಿಲಲ್ಲಿ ನಿಂತ ಓಣಿಯ ಹೆಂಗಸರು ಆಗಲೇ ಪಿಸುಗುಟ್ಟುತ್ತಿದ್ದರು.

ಅದಿರಿಗೆ ಬಂಗಾರದ ಬೆಲೆ ಬಂದಿದ್ದ ವರ್ಷಗಳವು; ಅದಿರು ಸಾಗಿಸುವ ಲಾರಿಗಳಿದ್ದ ಅವನ ಕೈಯಲ್ಲೂ ದುಡ್ಡು ಓಡಾಡುತ್ತಿತ್ತು. 'ಲಾರಿ ಓನರ್ ಅಂತ ಇಷ್ಟು ಸೊಕ್ಕಾ?' ಅವಳ ಕಣ್ಣು ತುಂಬಿ ಬಂತು. ಪಾಪ, ಅವಳಿಗಾದರೂ ಏನು ಗೊತ್ತು!

ಆ ಕಣ್ಣು ನೋಡಿದವನೇ ಅವನು ಕಪ್ ಎತ್ತಿ, ಹೊಗೆಯಾಡುವ ಚಹಾವನ್ನು ಗಟಗಟ ಕುಡಿದುಬಿಟ್ಟ. ಮರುಕ್ಷಣ ಎದೆ ಹಿಡಿದುಕೊಂಡು ಬಾಗಿದ!

"ಏನ್ ಮಾಡಿಕೊಂಡ್ಯೋ ತಮ್ಮಾ!" ಅವನ ಅಕ್ಕ ಶಿವಬಸಮ್ಮ ಚೀರಿದಳು.

ಮುಚ್ಚಿಟ್ಟಿದ್ದೆಲ್ಲ ಆಗ ಅವಳ ಬಾಯಿಂದ ಹೊರಬಿತ್ತು. ಅವನ ಎದೆಬಡಿತ ಹದ ತಪ್ಪುತ್ತಿತ್ತು. ಹಿಂದಿನ ವಾರವಷ್ಟೇ ಬೆಂಗಳೂರಿನಲ್ಲಿ, ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ತೂರಿಸಿ, ಬಡಿತ ಕೆಡಿಸುವ ಜಾಗವನ್ನು ಅತಿ ಶೀತದಿಂದ ಹೆಪ್ಪುಗಟ್ಟಿಸಿದ್ದರು. ಹೃದಯದ ಹಿಂದೆಯೇ ಇರುವ ಅನ್ನನಾಳಕ್ಕೂ ಆ ತಂಪು ತಾಗಿತ್ತು. ಒಳಗೆ ಹುಣ್ಣಾಗಿರಬಹುದು, ಅದು ತೂತಾದರೆ ಜೀವಕ್ಕೇ ಅಪಾಯ, ವಾಸಿಯಾಗುವತನಕ ಬಿಸಿಯದ್ದು, ಖಾರದ್ದು ಮುಟ್ಟಲೇಬಾರದು ಎಂದಿದ್ದರು ಡಾಕ್ಟರು.

ಅರುಣಾಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಬಂದ ಸುಮೋದಲ್ಲೇ ಅವನನ್ನು ಬಳ್ಳಾರಿಯ ಆಸ್ಪತ್ರೆಗೆ ಸಾಗಿಸಿದರು. ಮರುದಿನ ಅಪ್ಪನ ಜೊತೆ ಬಂದ ಅರುಣಾ, ಅಪ್ಪ ಒಳಗೆ ಹೋಗಿ ಮಾತಾಡಿಸಿ ಬಂದರೂ, ವಾರ್ಡಿನ ಬಾಗಿಲಲ್ಲೇ ನಿಂತಳು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗುವುದು?

"ಬಾರವ್ವ, ಸ್ಕ್ಯಾನ್ ಮಾಡ್ಯಾರ. ತೂತಾಗಿಲ್ಲಂತ," ಎಂದು ಶಿವಬಸಮ್ಮ ಅವಳನ್ನು ಒಳಗೆ ಕಳಿಸಿದಳು.

"ತಪ್ಪಾತ್ರಿ..." ಅವಳು ತಲೆಯೆತ್ತಲಿಲ್ಲ. "ಮಂದಿ ಮುಂದ ನನ್ನ ಮರ್ಯಾದಿ ಹೋತು ಅಂತ, ನಿಮ್ಮ ಜೀವಕ್ಕ ಕುತ್ತು ತಂದೆ."

"ಮುಚ್ಚಿಟ್ಟಾವ ನಾನು. ಎದಿ ನೆಟ್ಟಗಿಲ್ಲದಾವಗ ಹೆಣ್ಣು ಯಾರು ಕೊಡ್ತಾರ ಅಂತ ನಾಚಿಕಿ."

"ಗೊತ್ತಿದ್ದೂ ಯಾಕ ಕುಡಿದ್ರಿ?"

"ನೀವು ಅಳಾಕತ್ತಿದ್ರಿ..."

ಅವಳು ತಲೆಯೆತ್ತಿ ಅವನನ್ನು ನೋಡಿದಳು. 'ದೇವರೇ, ಇಂಥವನನ್ನೇ ಸೊಕ್ಕಿನವನು ಅಂದೆನಲ್ಲ!'

"ನಿಮ್ಮಪ್ಪಗ ಎಲ್ಲಾ ಹೇಳೀನಿ," ಎಂದ ಅವನು ಮೆಲ್ಲಗೆ. "ಬಡಿತ ಮತ್ತ ತಪ್ಪಿದರೂ ತಪ್ಪಬಹುದಂತ. ಅವರು ಬ್ಯಾಡ ಅಂದ್ರ ನನಗೇನೂ ಸಿಟ್ಟಿಲ್ಲ."

"ಅಪ್ಪನ್ನ ಆಮ್ಯಾಲ ಕೇಳ್ರಿ. ಮೊದಲ ನನ್ನ ಕೇಳ್ರಿ!"

"ಒಪ್ಪಿಗಿ ಐತೇನ್ರಿ?"

"ನಾಚಿಕಿಯಿಂದ ಸಾಯಾಕತ್ತೀನಿ... ಆದ್ರೂ ಐತ್ರಿ. ಇನ್ನ ಮ್ಯಾಲೆ ನನ್ನ ಹತ್ರ ಏನೂ ಮುಚ್ಚಿಡಬಾರದು."

ಅವನು ಅವಳತ್ತ ಹೊರಳಿದ.

"ಹಂಗಾದ್ರ ಹೇಳ್ತೀನಿ... ನನಗ ಭಾಳ ಅಂಜಿಕಿ ಆಗೈತಿ."

ಅರುಣಾ ಅವನ ಕೈ ಹಿಡಿದಳು.

"ನನಗೂ ಆಗೈತ್ರಿ. ಇಬ್ರೂ ಕೂಡೇ ಅಂಜೂಣು."