ಗ್ಲೆಬ್‌ನ ಅಡ್ಡಹೆಸರು

ಗ್ಲೆಬ್‌ಗೆ ನಾನು ಹೇಳಿದ ಮೊದಲ ಸುಳ್ಳಿಗೆ ನಮ್ಮ ಮ್ಯೂಸಿಯಂನ ಮೊಹರು ಇತ್ತು.

ತೋತ್ಮಾ ಊರಿನ ಮ್ಯೂಸಿಯಂನಲ್ಲಿ ನನ್ನದು ಕಿಟಕಿ ಪಕ್ಕದ ಮೇಜು. ತಮ್ಮ ಅಡ್ಡಹೆಸರು ಎಲ್ಲಿಂದ ಬಂತು ಅಂತ ಜನ ಕೇಳಿಕೊಂಡು ಬರುತ್ತಾರೆ. ನಾನು ಹಳೇ ಪುಸ್ತಕ ತಿರುವಿ ಬರೆದುಕೊಡುತ್ತೇನೆ. ಎರಡು ವರ್ಷದ ಹಿಂದೆ ದೋಣಿ ರಿಪೇರಿ ಮಾಡುವ ಗ್ಲೆಬ್ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತ.

“ನೆಲ್ಯೂಬಿನ್ ಅಂದ್ರೆ ಏನು ಮೇಡಂ? ಸ್ಕೂಲಲ್ಲಿ ‘ಯಾರಿಗೂ ಬೇಡದವನ ಮಗ’ ಅಂತ ರೇಗಿಸ್ತಿದ್ರು. ನಂಗೆ ಎರಡು ವರ್ಷ ಇದ್ದಾಗ ಅಮ್ಮ ಬಿಟ್ಟು ಹೋದ್ಲು. ಅದಕ್ಕೇ ಕೇಳ್ದೆ.”

ಅವರು ಹೇಳುತ್ತಿದ್ದ ಅರ್ಥ ಸರಿಯೇ ಇತ್ತು. ನೆಲ್ಯೂಬ ಅಂದರೆ ಬೇಡದವನು. ಅವನ ಸಂತಾನ ನೆಲ್ಯೂಬಿನ್, ಹೆಣ್ಣಾದರೆ ನೆಲ್ಯೂಬಿನಾ. ಆದರೆ ಆ ಬೂದು ಕಣ್ಣು ನೋಡಿ ನನ್ನ ಕೈ ಪುಸ್ತಕದ ಕಡೆಗೆ ಹೋಗಲೇ ಇಲ್ಲ. ‘ಬಹಳ ಪ್ರೀತಿಸುವವನು’ ಎಂದು ಬರೆದು ಮೊಹರು ಒತ್ತಿದೆ.

“ಹಾಗಿದ್ರೆ ಸಂಜೆ ನದಿ ಕಡೆ ಬರ್ತೀರಾ? ಅರ್ಥ ಸರಿ ಇದೆಯಾ ನೋಡಿಬಿಡೋಣ,” ಎಂದ. ಕೆಂಪಾದ ಕೆನ್ನೆ ಬಚ್ಚಿಡಲು ನಾನು ಡ್ರಾಯರ್‌ನಲ್ಲಿ ಏನೋ ಹುಡುಕಿದೆ. ಸಂಜೆ ಹೋದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅವನು ಆ ಕಾಗದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ. ಅವನ ಮನೆಗೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ. ಕೊನೆಗೆ ಕಳೆದ ಚಳಿಗಾಲ ತಡೆಯಲಾರದೆ ಅವನ ಹಳ್ಳಿಯ ಚರ್ಚಿನ ಹಳೇ ಜನನ-ಮರಣ ಪುಸ್ತಕ ತೆಗೆದೆ. ಮುನ್ನೂರು ವರ್ಷದ ಹಿಂದೆ ಅಲ್ಲೊಬ್ಬ ತಾಯಿ ಮೂರು ಮಕ್ಕಳನ್ನು ಮಣ್ಣು ಮಾಡಿದ್ದಳು. ನಾಲ್ಕನೆಯವನಿಗೆ ನೆಲ್ಯೂಬ ಅಂತ ಹೆಸರಿಟ್ಟಳು. ಯಾರಿಗೂ ಬೇಡದ ಮಗು ಅಂದುಕೊಂಡು ಸಾವು ಮುಟ್ಟದೆ ಹೋಗಲಿ ಅಂತ ನಮ್ಮ ಹಿಂದಿನವರು ಹಾಗೆ ಕರೆಯುತ್ತಿದ್ದರು. ಮಗು ಬದುಕಿತು, ಅವನ ವಂಶವೇ ಗ್ಲೆಬ್‌ನದು. ನಿಜ ನನ್ನ ಸುಳ್ಳಿಗಿಂತ ಚೆಂದವಾಗಿತ್ತು. ಆದರೆ ಸುಳ್ಳು ಹೇಳಿದ ಬಾಯಿಂದ ಅದನ್ನು ಯಾರು ನಂಬುತ್ತಾರೆ?

ಮೊನ್ನೆ ಮದುವೆ ಅರ್ಜಿ ಕೊಡಲು ನೋಂದಣಿ ಕಚೇರಿಗೆ ಹೋದೆವು. ‘ಮದುವೆಯ ನಂತರದ ಅಡ್ಡಹೆಸರು’ ಅನ್ನುವಲ್ಲಿ ನನ್ನ ಪೆನ್ ನಿಂತುಬಿಟ್ಟಿತು.

“ಏನಮ್ಮಾ ಲಿದಾ, ಗಂಡನ ಹೆಸರು ಈಗಲೇ ಮರೆತುಹೋಯ್ತಾ?” ಎಂದರು ಗುಮಾಸ್ತೆ ರಿಮ್ಮಾ ಪಾವ್ಲೊವ್ನಾ, ಕನ್ನಡಕದ ಮೇಲಿಂದ ನೋಡುತ್ತಾ.

ಗ್ಲೆಬ್‌ನ ಮುಖ ಸಣ್ಣದಾಯಿತು. “ನನ್ನ ಹೆಸರು ಬೇಡ್ವಾ?”

ಅವನನ್ನು ಹೊರಗೆ ಕರೆದೊಯ್ದು ನನ್ನ ಸುಳ್ಳು, ಆ ತಾಯಿಯ ಕಥೆ, ಎಲ್ಲ ಹೇಳಿಬಿಟ್ಟೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

“ಅವತ್ತೂ ಚೆಂದದ್ದೇ ಹೇಳಿದ್ದೆ, ಇವತ್ತೂ ಚೆಂದದ್ದೇ ಹೇಳ್ತಿದ್ದೀಯ. ಯಾವುದನ್ನ ನಂಬ್ಲಿ?”

“ಪುಸ್ತಕ ತೋರಿಸ್ತೀನಿ.”

“ಆ ಹಳೇ ಅಕ್ಷರ ನಂಗೆ ಓದೋಕೆ ಬರಲ್ಲ. ಅಲ್ಲೂ ನಿನ್ನನ್ನೇ ನಂಬಬೇಕು.”

ನನಗೆ ಭೂಮಿಗೆ ಇಳಿದುಹೋದ ಹಾಗಾಯಿತು. ಕಣ್ಣೊರೆಸಿಕೊಂಡು ಒಳಗೆ ಬಂದು ‘ನೆಲ್ಯೂಬಿನಾ’ ಎಂದು ಬರೆಯಲು ಪೆನ್ ಎತ್ತಿದೆ. ಹಿಂದೆಯೇ ಬಂದ ಅವನು ನನ್ನ ಕೈ ಹಿಡಿದ.

“ಬೇಡ. ಇವತ್ತು ಬರೆದ್ರೆ ತಪ್ಪಿಗೆ ದಂಡ ಕಟ್ಟಿದ ಹಾಗಾಗುತ್ತೆ. ನಿಮ್ಮಪ್ಪನ ಹೆಸರೇ ಇರ್ಲಿ. ನಂಬಿಕೆ ಬಂದ ದಿನ ನಾನೇ ಕರ್ಕೊಂಡು ಬರ್ತೀನಿ, ಆಗ ಬದಲಾಯ್ಸು.”

“ಮತ್ತೆ ಮದುವೆ?”

“ಕಾಯಬೇಕಾದ್ದು ಹೆಸರು ಕಣೇ, ನೀನಲ್ಲ.”

ಆ ಜಾಗದಲ್ಲಿ ಅಪ್ಪನ ಅಡ್ಡಹೆಸರನ್ನೇ ಬರೆದೆ. ಅಷ್ಟು ನಾಚಿಕೆಯಿಂದ ನಾನು ಯಾವತ್ತೂ ನನ್ನ ಹೆಸರು ಬರೆದಿರಲಿಲ್ಲ.