ಮೂರು ಟೇಕಿನ ರೀಲು

ಮಗಳು ಕ್ಯಾಮೆರಾ ಕೆಲಸಕ್ಕೆ ಸೇರಿದ ದಿನವೇ ಛಾಯಾಗ್ರಾಹಕನಾಗಿದ್ದ ಅಪ್ಪ ಮಾತು ಕೊಟ್ಟಿದ್ದ: ತನ್ನ ಕೊನೆಯ ಸಿನಿಮಾವನ್ನು ಅವಳು ಕೈಯಾರೆ ಕ್ಯಾಮೆರಾಗೆ ತುಂಬಿದ ಫಿಲ್ಮ್ ರೀಲಿನಲ್ಲೇ ತೆಗೆಯುತ್ತೇನೆ ಎಂದು. ಅದಾಗಿ ಎಷ್ಟೋ ವರ್ಷ. ಈಗ ಆ ಛಾಯಾಗ್ರಾಹಕ ಸ್ಟುಡಿಯೋದ ಕತ್ತಲಕೋಣೆಯಲ್ಲಿ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಟ್ರೈಪಾಡಿನ ಕಬ್ಬಿಣದ ಕಾಲು.

ಹೆಣ ಮೊದಲು ಕಂಡವಳು ಮಗಳೇ. ಇನ್‌ಸ್ಪೆಕ್ಟರಮ್ಮನಿಗೆ ಅವಳ ಹೇಳಿಕೆಯಲ್ಲಿ ನಂಬಿಕೆ ಬರಲಿಲ್ಲ. ಅವಳು ಹೇಳಿದ್ದು ಇಷ್ಟು: ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿದ್ದರೆ ಒಳಗೆ ಫಿಲ್ಮ್ ಬಿಚ್ಚಿದೆ, ಯಾರೂ ಬರಬಾರದು ಎಂದರ್ಥ. ಊಟದ ಹೊತ್ತು ಮೀರಿದರೂ ಅದು ಆರಲಿಲ್ಲ. ಬಾಗಿಲು ಬಡಿದರೆ ಉತ್ತರವಿಲ್ಲ. ಕಪ್ಪು ಪರದೆ ದಾಟಿ, ಕತ್ತಲಲ್ಲೇ ಒಳಹೋಗಿ, ಅವಳು ಮೊದಲು ತಡಕಿದ್ದು ಮೇಜನ್ನು. ಬಿಚ್ಚಿದ ಫಿಲ್ಮ್ ಕೈಗೆ ಸಿಕ್ಕಿತು. ಸುತ್ತಿ, ಡಬ್ಬಿಗೆ ಹಾಕಿ, ಟೇಪು ಅಂಟಿಸಿ, ಆಮೇಲೆ ಕೋಣೆಯ ದೀಪ ಹಾಕಿದಳು.

“ಅಪ್ಪ ಕಾಲಬುಡದಲ್ಲಿ ಬಿದ್ದಿದ್ದಾನೆ, ನೀನು ಡಬ್ಬಿ ಮುಚ್ತಾ ನಿಂತಿದ್ದೆ?”

“ಬಿದ್ದಿರೋದು ಗೊತ್ತಿರಲಿಲ್ಲ ಮೇಡಂ. ಬೆಳಕು ಬಿದ್ರೆ ಫಿಲ್ಮ್ ಹಾಳು. ಅದನ್ನ ಮುಚ್ಚದೆ ದೀಪ ಹಾಕಿದ್ರೆ ಅಪ್ಪನೇ ಕೈ ಮುರೀತಿದ್ದ.”

ಬೆಳಿಗ್ಗೆ ಕ್ಯಾಂಟೀನಿನಲ್ಲಿ ಅಪ್ಪ ಮಗಳು ಜಗಳವಾಡಿದ್ದನ್ನು ಹತ್ತು ಜನ ಕಂಡಿದ್ದರು. ಈ ರೀಲು ಕಟ್ಟಿಕೊಂಡು ನೀನೇ ಸಾಯಿ, ನಾನು ಡಿಜಿಟಲ್‌ಗೆ ಹೋಗುತ್ತೇನೆ ಎಂದಿದ್ದಳಂತೆ. ಕಾನ್‌ಸ್ಟೇಬಲ್ ಆಗಲೇ ಜೀಪಿನ ಬಾಗಿಲು ತೆಗೆದು ನಿಂತಿದ್ದ.

“ತಡಿ” ಎಂದರು ಇನ್‌ಸ್ಪೆಕ್ಟರಮ್ಮ. ಆ ಡಬ್ಬಿಯನ್ನು ಫಿಲ್ಮ್ ತೊಳೆಯುವ ಲ್ಯಾಬಿಗೆ ಕಳಿಸಿದರು. ಅವಳು ಹೇಳಿದ್ದು ನಿಜವೇ ಎಂದು ಫಿಲ್ಮೇ ಹೇಳಬೇಕಿತ್ತು.

*

ನಿರ್ಮಾಪಕ ಬೆವರೊರೆಸಿಕೊಳ್ಳುತ್ತ ವಿಷಯ ಬಿಡಿಸಿ ಹೇಳಿದ. ಒಂದೇ ದೃಶ್ಯವನ್ನು ರೀಲಿನಲ್ಲೂ ಡಿಜಿಟಲ್‌ನಲ್ಲೂ ತೆಗೆದು, ಯಾವುದು ಅಗ್ಗವೋ ಅದರಲ್ಲೇ ಇಡೀ ಸಿನಿಮಾ ಮಾಡುವುದೆಂದು ಛಾಯಾಗ್ರಾಹಕನೂ ನಿರ್ಮಾಪಕನ ಭಾವಮೈದನೂ ಪಂಥ ಕಟ್ಟಿದ್ದರು. ಬಾಡಿಗೆಗೆ ಕೊಡುವ ಡಿಜಿಟಲ್ ಕ್ಯಾಮೆರಾಗಳು ಈ ಭಾವಮೈದನವು. ಬಾಡಿಗೆಯಷ್ಟೇ ನೋಡಿದರೆ ಗೆಲುವು ಅವನದೇ. ರೀಲಿಗಾದರೆ ಕೊಳ್ಳಲೂ ದುಡ್ಡು, ತೊಳೆಯಲೂ ದುಡ್ಡು. ಆದರೆ ರೀಲು ಓಡುತ್ತಿದೆ ಎಂಬ ಹೆದರಿಕೆಗೆ ನಟರು ತಾಲೀಮು ಮಾಡಿಕೊಂಡು ಬಂದಿದ್ದರು. ಮೂರು ಟೇಕಿಗೆ ದೃಶ್ಯ ಮುಗಿಯಿತು. ಲ್ಯಾಬಿಗೆ ಕಳಿಸಲೆಂದು ಛಾಯಾಗ್ರಾಹಕ ಕತ್ತಲಕೋಣೆಯಲ್ಲಿ ಬಿಚ್ಚುತ್ತಿದ್ದದ್ದು ಆ ರೀಲನ್ನೇ. ಡಿಜಿಟಲ್‌ನಲ್ಲಿ ‘ಇನ್ನೊಂದು, ಇನ್ನೊಂದು’ ಎನ್ನುತ್ತ ದಿನವೇ ಹೋಯಿತು. ಅಷ್ಟೂ ಜನರ ಕೂಲಿ, ಡಿಸ್ಕು, ಅದರ ನಕಲು, ವಾರವಿಡೀ ಕೂರಬೇಕಾದ ಎಡಿಟರನ ಸಂಬಳ, ಎಲ್ಲ ಸೇರಿಸಿದಾಗ ರೀಲೇ ಅಗ್ಗ ಎಂದಾಗಿ ತಕ್ಕಡಿ ತಿರುಗಿತ್ತು.

“ಭಾವಮೈದನಿಗೆ ಗೊತ್ತಿತ್ತಾ?”

“ಬೆಳಿಗ್ಗೆನೇ ಹೇಳ್ದೆ. ರೀಲು ತೊಳೆದು ಚೆನ್ನಾಗಿ ಬಂದ್ರೆ ಇಡೀ ಸಿನಿಮಾ ಅದ್ರಲ್ಲೇ ಅಂತ. ಮುಖ ಸಣ್ಣ ಮಾಡ್ಕೊಂಡು ಹೋದ.”

ಭಾವಮೈದ ಬೆರಳಲ್ಲಿ ಬೀಗದ ಕೈ ಗೊಂಚಲು ತಿರುಗಿಸುತ್ತ ಬಂದ. ಆ ಕತ್ತಲ ಗವಿಗೆ ಈ ಜನ್ಮದಲ್ಲಿ ಕಾಲಿಟ್ಟಿಲ್ಲ ಎಂದ.

*

ಮರುದಿನ ಲ್ಯಾಬಿನವನು ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದ. ಹೊರಸುತ್ತು ಪೂರ್ತಿ ಕಪ್ಪು. ಬೆಳಕು ತಾಗಿ ಕಪ್ಪಾಗಿದೆ, ಫಿಲ್ಮ್ ಬಿಚ್ಚಿದ್ದಾಗ ಯಾರೋ ದೀಪ ಹಾಕಿದ್ದಾರೆ ಎಂದ. ಮಗಳ ಮುಖ ಬಿಳಿಚಿತು.

ಆ ಕಪ್ಪಿನ ನಡುವೆ ಒಂದು ಆಕಾರ ಮಾತ್ರ ತಿಳಿಯಾಗಿ ಉಳಿದಿತ್ತು. ಫಿಲ್ಮಿನ ಮೇಲೆ ಏನೋ ಕೂತು ಬೆಳಕು ತಡೆದಿತ್ತು. ಒಂದು ಚಿಕ್ಕ ಬೀಗದ ಕೈ. ಒಂದು ಹಲ್ಲು ಮುರಿದದ್ದು.

ನಿರ್ಮಾಪಕನ ಕೋಣೆಯಲ್ಲಿ ಇನ್‌ಸ್ಪೆಕ್ಟರಮ್ಮ ಭಾವಮೈದನ ಗೊಂಚಲಿಗೆ ಕೈ ಚಾಚಿದರು. ಅದರಲ್ಲಿದ್ದ ಕ್ಯಾಮೆರಾ ಪೆಟ್ಟಿಗೆಯ ಕೀ ಫಿಲ್ಮಿನ ಆ ಆಕಾರದ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

“ಈ ಹುಡುಗಿಯ ಅಪ್ಪ ಕೆಲಸ ನಿಲ್ಲಿಸದೆ ಕತ್ತಲಲ್ಲೇ ನಿಮ್ಮನ್ನ ಮಾತಾಡಿಸಿದ್ರು. ನೀವು ಗೊಂಚಲು ಮೇಜಿನ ಮೇಲಿಟ್ರಿ, ಅದ್ರ ಒಂದು ಕೀ ಮಾತ್ರ ಫಿಲ್ಮ್ ಮೇಲೆ ಕೂತಿತು. ಕೈಗೆ ಸಿಕ್ಕ ಕಬ್ಬಿಣ ಎತ್ಕೊಂಡ್ರಿ. ಆಮೇಲೆ ಕತ್ತಲಲ್ಲಿ ಗೊಂಚಲು ಸಿಗಲಿಲ್ಲ. ಹುಡುಕೋಕೆ ದೀಪ ಹಾಕಿದ್ರಿ, ಸಿಕ್ಕ ಮೇಲೆ ಆರಿಸಿದ್ರಿ. ಕೆಂಪು ದೀಪ ಇರೋವರೆಗೂ ಯಾರೂ ಬರಲ್ಲ ಅಂತ ಗೊತ್ತಿತ್ತು. ಈ ಹುಡುಗಿ ದೀಪ ಹಾಕೋ ಮುಂಚೆ ಫಿಲ್ಮ್ ಮುಚ್ಚಿದ್ದರಿಂದ ಆ ಗುರುತು ಉಳೀತು. ಇಲ್ಲದಿದ್ರೆ ಎರಡನೇ ಬೆಳಕಿಗೆ ನಿಮ್ಮ ಕೀನೂ ಅಳಿಸಿ ಹೋಗ್ತಿತ್ತು.”

ಭಾವಮೈದ ಕುರ್ಚಿ ಎಳೆದು ಕೂತ. ಹೊಸ ಕ್ಯಾಮೆರಾ ಎರಡು ವರ್ಷಕ್ಕೆ ಹಳತಾಗುತ್ತೆ, ಅಷ್ಟರೊಳಗೆ ಬಾಡಿಗೆ ಸಿಗದಿದ್ರೆ ನಾನು ಎಲ್ಲಿಗೆ ಹೋಗಲಿ ಎಂದು ಗೊಣಗಿದ. ಅವನ ಅಕ್ಕನ ಗಂಡನಾದ ನಿರ್ಮಾಪಕ ಅವನ ಕಡೆ ನೋಡಲಿಲ್ಲ.

ಒಳಸುತ್ತಿನ ಮೂರೂ ಟೇಕುಗಳು ಸೊಗಸಾಗಿ ಬಂದಿದ್ದವು. ಆದರೆ ರೀಲಿನಲ್ಲಿ ತೆಗೆಯಬಲ್ಲ ಇನ್ನೊಬ್ಬ ಛಾಯಾಗ್ರಾಹಕ ಸಿಗಲಿಲ್ಲ. ಮಗಳಿಗೆ ರೀಲು ತುಂಬಲು ಬರುತ್ತಿತ್ತು, ಅದರಲ್ಲಿ ಸಿನಿಮಾ ತೆಗೆಯಲು ಬರುತ್ತಿರಲಿಲ್ಲ. ನಿರ್ಮಾಪಕ ಬೇರೆ ಕಡೆಯಿಂದ ಡಿಜಿಟಲ್ ಕ್ಯಾಮೆರಾ ತರಿಸಿದ. ಅವಳು ಅದೇ ಸಿನಿಮಾಕ್ಕೆ ಡಿಸ್ಕುಗಳ ನಕಲು ಮಾಡುವ ಕೆಲಸಕ್ಕೆ ಸೇರಿದಳು.

ಅಪ್ಪ ಕೊಟ್ಟ ಮಾತು ಉಳಿಯಲಿಲ್ಲ.