ಬೆನ್ನಿಗೆ ಕಟ್ಟಿದ ಮಣ್ಣು

“ಮೂರು ಮೂಟೆ ಮಣ್ಣಿಗೋಸ್ಕರ ಮೂರು ಜನ ಕೆಟ್ಟನೆಲ ದಾಟ್ಬೇಕಾ?” ನಾನಾ ತೊಮಾಸಾ ಕೇಳಿದಳು.

ಊರಸಭೆಯಲ್ಲಿ ಯಾರೂ ನಗಲಿಲ್ಲ. ಕೆಟ್ಟನೆಲವೆಂದರೆ ಅವರ ಊರು ಸಾಂತಾ ರೋಸಾದ ಪಶ್ಚಿಮಕ್ಕೆ ಹಬ್ಬಿದ ಕರಿಕಲ್ಲಿನ ಕಡಲು. ಬೆಂಕಿಬೆಟ್ಟ ಕಾರಿದ ಲಾವಾ ಹರಿದು, ಸಿಡಿದು, ಆರಿ ನಿಂತ ಜಾಗ. ಹೇಸರಗತ್ತೆಯೂ ಅಲ್ಲಿ ಕಾಲಿಡುವುದಿಲ್ಲ. ಅದರ ನಡುವೆ ಹಳೆಯ ಗುಡ್ಡವೊಂದು ಮುಳುಗದೆ ಉಳಿದಿತ್ತು. ಲಾವಾ ಅದನ್ನು ಬಳಸಿಕೊಂಡು ಹೋಗಿತ್ತು. ಕೊಡಲಿಯಾಗಲಿ ಕಾಡ್ಗಿಚ್ಚಾಗಲಿ ಅಲ್ಲಿಗೆ ತಲುಪದ್ದರಿಂದ ಮುದಿ ಪೈನ್ ಮರಗಳು ಇನ್ನೂ ಅಲ್ಲಿ ನಿಂತಿದ್ದವು. ಊರವರು ಆ ಗುಡ್ಡವನ್ನು ದ್ವೀಪ ಎನ್ನುತ್ತಿದ್ದರು.

“ಬೇಕು ನಾನಾ,” ಎಂದಳು ಎವೆಲಿಯಾ. ಈ ಪುರೆಪೆಚಾ ಸೀಮೆಯಲ್ಲಿ ಹಿರಿಯ ಹೆಂಗಸರೆಲ್ಲ ನಾನಾ, ಹಿರಿಯ ಗಂಡಸರೆಲ್ಲ ತಾತಾ. ದನಿ ನಡುಗದಿರಲೆಂದು ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಊರಿನ ನರ್ಸರಿ ಅವಳ ಕೈಯಲ್ಲಿತ್ತು. ಸುಟ್ಟುಹೋದ ಬೆಟ್ಟಕ್ಕೆಂದು ಬೆಳೆಸಿದ ಪೈನ್ ಸಸಿಗಳು ಸಾಲುಸಾಲಾಗಿ ಹಳದಿಯಾಗುತ್ತಿದ್ದವು. ಸಾಯುತ್ತಲೂ ಇರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಕಾಲೇಜಿನಲ್ಲಿ ಕಲಿತಂತೆ ಬುಡ ಕೊಳೆಯದಿರಲೆಂದು ಮಣ್ಣಿಗೆ ಕುದಿನೀರು ಹೊಯ್ದು ಚೊಕ್ಕಟ ಮಾಡಿಯೇ ಬೀಜ ಹಾಕಿದ್ದಳು. ಆದರೆ ನರ್ಸರಿಯ ಹಿಂದಿನ ಕಲ್ಲುಗೋಡೆಯ ಬಿರುಕಿನಲ್ಲಿ, ಯಾರೂ ನೆಡದ ಪೈನ್ ಮರಿಯೊಂದು ಹಸಿರುಕ್ಕಿ ನಿಂತಿತ್ತು. ಕುತೂಹಲ ತಾಳಲಾರದೆ ಅವಳು ಅದನ್ನು ಕಿತ್ತು ನೋಡಿದಳು. ಬೇರಿನ ತುಂಬ ಜೇಡನ ಬಲೆಯಂಥ ಬಿಳಿ ಎಳೆಗಳು. ತನ್ನ ಸಸಿಯೊಂದನ್ನು ಕಿತ್ತಳು. ಬೇರು ತೊಳೆದ ಶಾವಿಗೆಯಂತೆ ಬೋಳಾಗಿತ್ತು.

“ಕುದಿನೀರಿಗೆ ಕೆಟ್ಟದ್ದರ ಜೊತೆ ಒಳ್ಳೇದೂ ಸತ್ತಿದೆ,” ಎಂದು ಸಭೆಗೆ ಹೇಳಿದಳು. “ಆ ಬಿಳಿ ಎಳೆ ಒಂದು ಥರದ ಅಣಬೆ. ಅದಿಲ್ದೆ ಪೈನ್ ಉಣ್ಣೋದಿಲ್ಲ. ಹಳೇ ಕಾಡಿನ ಮಣ್ಣು ಸೇರಿಸಿದ್ರೆ ಮತ್ತೆ ಹುಟ್ಟುತ್ತೆ.”

“ಪಕ್ಕದೂರಿನ ಕಾಡಿಂದ ತಾ.”

“ಅವರ ಗಡಿಯಿಂದ ಹಿಡಿ ಮಣ್ಣು ಎತ್ತಿದ್ರೂ ಬಂದೂಕು ಹಿಡ್ಕೊಂಡು ಬರ್ತಾರೆ ನಾನಾ. ನಿಮಗೇ ಗೊತ್ತಲ್ಲ.”

ನಾನಾ ತೊಮಾಸಾ ಊರಸಭೆಯ ಹಿರಿಯಳು. ಸುಟ್ಟಬೆಟ್ಟವನ್ನು ಬೆಣ್ಣೆಹಣ್ಣಿನ ತೋಟದವರಿಗೆ ಗುತ್ತಿಗೆ ಕೊಡೋಣವೆಂಬ ಮಾತು ಅವಳ ಮನೆಯಂಗಳದಲ್ಲೇ ಹುಟ್ಟಿತ್ತು. “ಮಳೆಗಾಲ ಕಳೆದು ಸತ್ತವರ ಹಬ್ಬ ಬರೋ ತನಕ ಕಾಯ್ತೀವಿ,” ಎಂದಳು. “ಅಷ್ಟರೊಳಗೆ ಸಸಿ ಹಸಿರಾಗ್ಲಿಲ್ಲ ಅಂದ್ರೆ ಬೆಟ್ಟ ತೋಟಕ್ಕೆ. ಆಮೇಲೆ ಅಳಬಾರ್ದು.”

*

ಮರುದಿನ ಇಬ್ಬನಿ ಆರುವ ಮುಂಚೆ ಮೂವರೂ ಕೆಟ್ಟನೆಲದ ಅಂಚಿನಲ್ಲಿ ನಿಂತಿದ್ದರು. ಮುಂದೆ ತಾತಾ ಎಲಿಸೆಯೊ. ಮರ ಗೀರಿ ರಾಳ ಇಳಿಸುವುದರಲ್ಲೇ ಬಾಳು ಸವೆಸಿದ ಅವನು ಹರೆಯದಲ್ಲಿ ದ್ವೀಪಕ್ಕೆ ಹೋಗಿ ಬಂದಿದ್ದ. ಹಿಂದೆ ಸೆಲೆರಿನೊ, ಊರಿನ ಕಾಡು ಕಾಯುವವನು. ಆನೆಯಂಥ ಮೈ, ಸುಮ್ಮನಿರದ ಬಾಯಿ. ನಡುವೆ ಎವೆಲಿಯಾ.

“ತಾತಾ, ಈ ದಾರೀಲಿ ಕೊನೇ ಸಲ ಯಾವಾಗ ಹೋಗಿದ್ರಿ?” ಸೆಲೆರಿನೊ ಕೇಳಿದ.

“ನಿಮ್ಮಪ್ಪನಿಗೆ ಮೀಸೆ ಬರೋಕೆ ಮುಂಚೆ.”

“ಅವನಿಗೆ ಇನ್ನೂ ಬಂದಿಲ್ವಲ್ಲ ತಾತಾ!”

“ಹಾಗಾದ್ರೆ ತೀರಾ ಹಿಂದೇನೂ ಅಲ್ಲ ಬಿಡು. ನಡಿ.”

ಕರಿಕಲ್ಲು ಅಲೆಯಲೆಯಾಗಿ ಎದ್ದು, ಒಡೆದು, ಒಂದರ ಮೇಲೊಂದು ಬಿದ್ದಿತ್ತು. ಕೆಲವು ಕಡೆ ಹಗ್ಗ ಹೊಸೆದಂತೆ ನುಣುಪು, ಕೆಲವು ಕಡೆ ಗಾಜಿನ ಚೂರು ರಾಶಿ ಹಾಕಿದಂತೆ ಹರಿತ. ಕಲ್ಲಿನ ಮೈತುಂಬ ಗುಳ್ಳೆಗುಳ್ಳೆ ತೂತು. ಒಂದೊಂದು ಕಡೆ ಕಾಲಿಟ್ಟರೆ ಖಾಲಿ ಕೊಡದಂತೆ ಟೊಳ್ಳು ಸದ್ದು. ಆಗೆಲ್ಲ ತಾತಾ ಕೋಲಿನಿಂದ ತಟ್ಟಿ ಕಿವಿಗೊಡುತ್ತಿದ್ದ, ಹಿಂದಿನವರು ಉಸಿರು ಹಿಡಿಯುತ್ತಿದ್ದರು. ಎರಡು ಸಲ ಅವನು ದಾರಿ ತಪ್ಪಿದ. ಎರಡನೆಯ ಸಲ ಎದುರಿಗೆ ಆಳದ ಬಿರುಕು ಬಾಯಿ ತೆರೆದಿತ್ತು. “ಇದು ಮುಂಚೆ ಇರ್ಲಿಲ್ಲ,” ಎಂದು ಅವನು ಬಿರುಕಿಗೇ ಬೈದ.

ಎವೆಲಿಯಾ ಮಾತ್ರ ಭಯದ ನಡುವೆಯೂ ನೆಲ ನೋಡುವುದನ್ನು ಬಿಡಲಿಲ್ಲ. ತೂತುಗಳಲ್ಲಿ ಗಾಳಿ ತಂದ ಧೂಳು, ಧೂಳಿನ ಮೇಲೆ ಪಾಚಿ, ಪಾಚಿಯಲ್ಲಿ ಒಂದು ಜರೀಗಿಡ. ಕಲ್ಲು ಮಣ್ಣಾಗುವುದನ್ನು ಇಲ್ಲಿ ಕುಳಿತು ನೋಡಬಹುದು, ಆಯುಷ್ಯ ಸಾಲುವುದಾದರೆ.

ದ್ವೀಪ ಕಂಡಾಗ ಬಿಸಿಲು ಏರಿತ್ತು. ಕಪ್ಪು ಕಲ್ಲು ಥಟ್ಟನೆ ಮುಗಿದು ಹಸಿರು ಗೋಡೆ. ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಒಳಗೆ ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಮರಗಳು. ಮೇಲೆಲ್ಲೋ ಗಾಳಿ ಹೊಳೆಯಂತೆ ಹರಿಯುತ್ತಿತ್ತು, ಕೆಳಗೆ ಒಂದು ಸೂಜಿಯೆಲೆಯೂ ಅಲುಗುತ್ತಿರಲಿಲ್ಲ. ತಾತಾ ಒಂದು ಮರದ ಬಳಿ ನಿಂತು, ತೊಗಟೆ ಮುಚ್ಚಿಹೋದ ಹಳೆಯ ಗೀರನ್ನು ಬೆರಳಿನಿಂದ ಹುಡುಕಿ ಮುಟ್ಟಿ, ಮುಂದೆ ಹೋದ.

ಎವೆಲಿಯಾ ಮೊಣಕಾಲೂರಿ ಅಗೆದಳು. ಮೊದಲು ಒಣ ಸೂಜಿಯೆಲೆಗಳ ಹಾಸು. ಅದರಡಿ ಕೊಳೆತು ಕಂದಾದ ಎಲೆ. ಅದನ್ನು ಹೊಲಿದಂತೆ ಬಿಳಿ ಎಳೆಗಳು. ಆಮೇಲೆ ಕಾಡಿಗೆಗಪ್ಪು ಮಣ್ಣು, ಊರವರು ತುಪುರಿ ಎನ್ನುವ ಪುಡಿಮಣ್ಣು. ಒಂದು ಮೊಳ ಹೋಗುವಷ್ಟರಲ್ಲಿ ಹಾರೆ ಕಲ್ಲಿಗೆ ತಾಗಿತು. ಕಲ್ಲು, ಕಲ್ಲಿನ ಸಂದಿಯಲ್ಲಿ ಮಣ್ಣು, ಮತ್ತೆ ಕಲ್ಲು. ಇಷ್ಟು ದೊಡ್ಡ ಮರಕ್ಕೆ ಇಷ್ಟೇ ನೆಲವೇ? ಅವಳು ಒಂದು ಕಲ್ಲನ್ನು ಹೊರಳಿಸಿದಳು. ಕೂದಲಿನಂಥ ಬೇರುಗಳು ಅದರ ಒಂದೊಂದು ಗುಳ್ಳೆಯೊಳಗೂ ಹೊಕ್ಕಿದ್ದವು.

“ಇದು ಒಣಗಿದೆ ಕಣಕ್ಕ,” ಸೆಲೆರಿನೊ ಹಿಡಿ ಮಣ್ಣೆತ್ತಿ ಉದುರಿಸಿದ. “ಮಳೆ ಕಂಡು ತಿಂಗಳುಗಟ್ಟಲೆ ಆಯ್ತಲ್ಲ.”

“ಹಿಚುಕು.”

ಅವನು ಹಿಚುಕಿದ.

“ಇನ್ನೂ. ಹಿಟ್ಟು ನಾದೋ ಹಾಗೆ.”

ಅವನ ಅಂಗೈಯಲ್ಲಿ ಪುಡಿಯಾಗಿದ್ದದ್ದು ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. ಬೆರಳ ಸಂದಿಯಿಂದ ನೀರು ಒಸರಿತು. ಸೆಲೆರಿನೊ ಹೆದರಿ ಕೈ ಕೊಡವಿದ. “ಅಯ್ಯಪ್ಪಾ! ಎಲ್ಲಿತ್ತು ಇದು?”

“ಒಳಗೇ. ಬೂದಿಯಿಂದ ಹುಟ್ಟಿದ ಮಣ್ಣು, ನೀರನ್ನ ಬಚ್ಚಿಟ್ಕೊಳ್ಳುತ್ತೆ. ನೋಯಿಸಿದ್ರೆ ಬಿಡುತ್ತೆ.” ಅವಳು ನಗುತ್ತಿದ್ದಳು. “ಸುಮ್ಮನೆ ಬಿಟ್ರೆ ಮತ್ತೆ ಗಟ್ಟಿಯಾಗುತ್ತೆ. ಆದ್ರೆ ಬಿಸಿಲಿಗೆ ಪೂರ್ತಿ ಒಣಗಿತೋ, ಆಮೇಲೆ ಕಡಲನ್ನೇ ಸುರಿದ್ರೂ ಮೊದಲಿನ ಹಾಗೆ ಆಗಲ್ಲ. ಎಳೆಗಳೂ ಸಾಯ್ತವೆ. ಅದಕ್ಕೇ ಬೇಗ ತುಂಬ್ಕೊಂಡು ಹೊರಡೋಣ.”

ಮೂರು ಮೂಟೆ ತುಂಬಿ, ಮೇಲೆ ಹಸಿ ಪಾಚಿ ಮುಚ್ಚಿ, ಹಣೆಪಟ್ಟಿಗೆ ಕಟ್ಟಿ ಬೆನ್ನಿಗೇರಿಸಿದರು. ದೊಡ್ಡ ಮೂಟೆ, ಆದರೆ ಹತ್ತಿ ಹೊತ್ತಷ್ಟೇ ಭಾರ ಎಂದು ಸೆಲೆರಿನೊ ಕುಣಿದು ತೋರಿಸಿದ.

*

ಇಳಿಯುವಾಗ ಸೆಲೆರಿನೊನೇ ಮುಂದೆ. ಕಡಿದಾದ ಕಡೆ ಹಿಮ್ಮಡಿಯಿಂದ ಗುದ್ದಿ ಗುದ್ದಿ ಮೆಟ್ಟಿಲು ಮಾಡುತ್ತಿದ್ದ.

“ಗುದ್ದಬೇಡ!” ಎವೆಲಿಯಾ ಕೂಗುವುದಕ್ಕೂ ನೆಲ ಜಾರುವುದಕ್ಕೂ ಸರಿಹೋಯಿತು.

ಸೂಜಿಯೆಲೆಯ ಹಾಸು ಕಂಬಳಿ ಎಳೆದಂತೆ ಸರಿಯಿತು. ಅದರ ಮೇಲೆ ಸೆಲೆರಿನೊ. ಅವನ ಮೂಟೆ ಸಿಡಿಯಿತು. ಕಪ್ಪು ಕೆಸರು, ಕಲ್ಲು, ಮನುಷ್ಯ ಎಲ್ಲ ಒಟ್ಟಾಗಿ ಕೆಳಗಿಳಿದು, ಗುಡ್ಡಕ್ಕೂ ಲಾವಾ ಗೋಡೆಗೂ ನಡುವಿನ ಬಿರುಕಿಗೆ ಬಿದ್ದವು.

“ಸೆಲೆರಿನೊ!”

“ಇದೀನಿ!” ದನಿ ಆಳದಿಂದ ಬಂತು. “ಸೊಂಟದ ತನಕ ಹೂತಿದೀನಿ. ಒದ್ದಷ್ಟೂ ಒಳಗೆ ಹೋಗ್ತಿದೀನಿ ಕಣಕ್ಕ!”

ತಾತಾ ಆಗಲೇ ಮೂಟೆ ಕಳಚಿ, ಹೆಗಲಲ್ಲಿದ್ದ ಹಗ್ಗವನ್ನು ಪೈನ್ ಬುಡಕ್ಕೆ ಬಿಗಿಯುತ್ತಿದ್ದ. ಎವೆಲಿಯಾ ಹಗ್ಗ ಹಿಡಿದು ಇಣುಕಿದಳು. ಸೆಲೆರಿನೊ ತೋಳು ಬಡಿಯುತ್ತಿದ್ದ. ಬಡಿದಂತೆಲ್ಲ ಸುತ್ತಲಿನ ಮಣ್ಣು ಅಂಬಲಿಯಂತೆ ಅಲುಗುತ್ತಿತ್ತು. ಈಗ ಅದು ಎದೆಗೆ ಬಂದಿತ್ತು.

“ಒದೀಬೇಡ!”

“ಒದೀದೆ ಇನ್ನೇನು ಮಾಡ್ಲಿ? ಜಪ ಮಾಡ್ಲಾ?”

“ಮಾಡು! ಅಲುಗಬೇಡ. ಅಂಗೈಯಲ್ಲಿ ನೋಡಿದ್ಯಲ್ಲ? ಸುಮ್ಮನಿದ್ರೆ ಗಟ್ಟಿಯಾಗುತ್ತೆ.”

ಇದು ನಿಜವೇ? ಅಂಗೈಯ ಹಿಡಿ ಮಣ್ಣಿಗೆ ನಿಜವಾದದ್ದು ಆಳು ನುಂಗುವ ರಾಶಿಗೂ ನಿಜವೇ? ಆದರೆ ಮುಖದ ಮೇಲೆ ಅನುಮಾನ ತೋರಿಸಿದರೆ ಅವನು ಮತ್ತೆ ಒದೆಯುತ್ತಾನೆ.

“ಹಾಡು,” ಎಂದಳು.

“ಏನು?”

“ಮದುವೆ ಮನೇಲಿ ಬೇಡಾಂದ್ರೂ ಹಾಡ್ತೀಯಲ್ಲ. ಮೆತ್ತಗೆ ಹಾಡು. ಮೈ ಅಲ್ಲಾಡಿಸ್ಬೇಡ.”

ಅವನು ಹಾಡಿದ. ಶ್ರುತಿ ಸೇರಲಿಲ್ಲ, ನಡುನಡುವೆ ಅಳು ಬಂತು. ಎವೆಲಿಯಾ ಹಗ್ಗ ಹಿಡಿದು, ಮಣ್ಣು ಮುಟ್ಟದೆ ಲಾವಾ ಗೋಡೆಯ ತೂತುಗಳಿಗೆ ಕಾಲು ಕೊಟ್ಟು ಇಳಿದಳು. ಬೆರಳಿನಿಂದ ಮಣ್ಣು ಒತ್ತಿ ನೋಡಿದಳು. ಬೆಣ್ಣೆ. ಕಾದಳು. ಮತ್ತೆ ಒತ್ತಿದಳು. ಹಾಡು ಮುಗಿದು ಮತ್ತೆ ಮೊದಲಾಯಿತು.

ಬೆರಳು ಒಳಗೆ ಹೋಗಲಿಲ್ಲ.

“ಗಟ್ಟಿಯಾಯ್ತು,” ಅವಳು ಪಿಸುಗುಟ್ಟಿದಳು. “ನೀನು ಹಾಗೇ ಇರು. ನಾನು ಬಿಡಿಸ್ತೀನಿ.”

ಹಸುಗೂಸಿನ ಮೈಯಿಂದ ಬಟ್ಟೆ ಬಿಡಿಸುವಷ್ಟು ಮೆಲ್ಲಗೆ, ಹಿಡಿಹಿಡಿಯಾಗಿ ಮಣ್ಣು ತೆಗೆದಳು. ಎದೆ, ಸೊಂಟ, ತೊಡೆ. ಕೊನೆಗೆ ಹಗ್ಗ ಕಂಕುಳಿಗೆ ಬಿತ್ತು. ತಾತಾ ಮೇಲಿನಿಂದ ಎಳೆದ, ಇವಳು ಕೆಳಗಿನಿಂದ ತಳ್ಳಿದಳು. ಸೆಲೆರಿನೊ ಬಂಡೆಯ ಮೇಲೆ ಬಿದ್ದು ಆಕಾಶ ನೋಡುತ್ತ ನಗತೊಡಗಿದ. ಎದ್ದು ನಿಲ್ಲಲು ಹೋದಾಗ ನಗು ಚೀರಾಯಿತು. ಬಲಗಾಲಿನ ಹರಡು ಆಗಲೇ ಊದಿತ್ತು.

ಸೂರ್ಯ ನೆತ್ತಿಗೆ ಬಂದಿದ್ದ. ಸೆಲೆರಿನೊನನ್ನು ಇಬ್ಬರೂ ಹೆಗಲು ಕೊಟ್ಟೇ ನಡೆಸಬೇಕು. ಹಾಗೆಂದರೆ ಮೂಟೆ ಹೊರುವವರು ಯಾರೂ ಇಲ್ಲ.

“ನನ್ನನ್ನ ಇಲ್ಲೇ ಬಿಟ್ಟು ಮೂಟೆ ತಗೊಂಡ್ ಹೋಗಿ,” ಎಂದ ಸೆಲೆರಿನೊ. “ನಾಳೆ ಬಂದು ಕರ್ಕೊಂಡ್ ಹೋಗಿ.”

“ಮುಚ್ಚು ಬಾಯಿ,” ಎಂದ ತಾತಾ.

ಎವೆಲಿಯಾ ಎರಡೂ ಮೂಟೆಗಳನ್ನು ಒಮ್ಮೆ ನೋಡಿದಳು. ಹಳದಿ ಸಸಿಗಳ ಸಾಲು ಕಣ್ಣ ಮುಂದೆ ಬಂತು. ಮೂಟೆಗಳನ್ನು ಬಿಚ್ಚಿ ಮಣ್ಣನ್ನು ಮರದ ಬುಡಕ್ಕೇ ಸುರಿಯತೊಡಗಿದಳು.

“ಅಕ್ಕಾ, ತಡಿ.” ಸೆಲೆರಿನೊ ಮೊಣಕೈ ಊರಿ ಎದ್ದ. “ನಮ್ಮಮ್ಮ ಬ್ರೆಡ್ಡಿಗೆ ಹುಳಿಹಿಟ್ಟು ಎಷ್ಟು ಹಾಕ್ತಾಳೆ ಗೊತ್ತಾ? ನಿಂಬೆಹಣ್ಣಿನಷ್ಟು. ಅಷ್ಟರಲ್ಲೇ ಓಣಿಗೆಲ್ಲಾ ಆಗೋಷ್ಟು ಹಿಟ್ಟು ಉಬ್ಬುತ್ತೆ. ನಿನ್ನ ಎಳೆ ಬೆಳೆಯೋದೇ ಆದ್ರೆ ಮೂರು ಮೂಟೆ ಯಾಕೆ ಬೇಕು?”

ಅವಳ ಕೈ ನಿಂತಿತು. ಒಂದೊಂದು ಸಸಿಯ ಚೀಲಕ್ಕೂ ಹಿಡಿ ಮಣ್ಣೆಂದು ಲೆಕ್ಕ ಹಾಕಿದ್ದಳು, ಎಲ್ಲ ಸಸಿಗೂ ಒಂದೇ ದಿನ ಬಡಿಸಬೇಕೆಂಬಂತೆ. ಮೊದಲು ಒಂದು ಮಡಿಗೆ ಹೆಪ್ಪು ಹಾಕಿ, ಅದು ಹಿಡಿದ ಮೇಲೆ ಪಕ್ಕದ ಮಡಿಗೆ ಹಂಚಿದರೆ? ತಡವಾಗುತ್ತದೆ. ಆಗಬಹುದು, ಆಗದೆಯೂ ಇರಬಹುದು.

ಬಿಳಿ ಎಳೆ ದಟ್ಟವಾಗಿದ್ದ ಒಂದು ಹೆಂಟೆಯನ್ನು ಎಲೆಯ ಹಾಸಿನ ಸಮೇತ ಎತ್ತಿದಳು. ಪಾಚಿಯಲ್ಲಿ ಸುತ್ತಿ, ಶಾಲಿನಲ್ಲಿಟ್ಟು, ಊರಿನ ತಾಯಂದಿರು ಕೂಸು ಕಟ್ಟಿಕೊಳ್ಳುವಂತೆ ಬೆನ್ನಿಗೆ ಕಟ್ಟಿಕೊಂಡಳು. ಎರಡೂ ಕೈ ಸೆಲೆರಿನೊಗೆ ಬಿಡುವಾದವು.

*

ಹಿಂದಿರುಗುವ ದಾರಿ ಕಾದ ಹಂಚಿನ ಮೇಲೆ ನಡೆದಂತಿತ್ತು. ಕಲ್ಲಿನಿಂದೆದ್ದ ಝಳಕ್ಕೆ ದೂರದ ಊರಿನ ಗಂಟೆಗೋಪುರ ನೀರಿನಲ್ಲಿ ಅಲುಗಿದಂತೆ ಕಾಣುತ್ತಿತ್ತು. ನಾಲ್ಕು ಹೆಜ್ಜೆ, ನಿಲ್ಲು. ನಾಲ್ಕು ಹೆಜ್ಜೆ, ನಿಲ್ಲು. ನಿಂತಾಗಲೆಲ್ಲ ಎವೆಲಿಯಾ ಕೈ ಹಿಂದೆ ಮಾಡಿ ಗಂಟು ಮುಟ್ಟುತ್ತಿದ್ದಳು. ಪಾಚಿ ಗರಗರ ಎನ್ನತೊಡಗಿತ್ತು.

ತಾತಾ ನೀರಿನ ಸೋರೆಬುರುಡೆ ಅಲುಗಿಸಿದ. ತಳದಲ್ಲಿ ಒಂದಿಷ್ಟು ನೀರು. “ಇದನ್ನ ನಿನ್ನ ಮಗೂಗೆ ಹಾಕಮ್ಮ. ನಾವು ಹೇಗೋ ತಡ್ಕೋತೀವಿ.”

ಸೆಲೆರಿನೊನ ತುಟಿ ಬಿರಿದಿತ್ತು. ತಾತಾ ಕೋಲಿಗೆ ಒರಗಿ ನಿಂತಿದ್ದ. ಗಂಟಿನೊಳಗೆ ಎಲ್ಲ ಒಣಗಿಹೋಗಿದ್ದರೆ? ಬಿಚ್ಚಿ ನೋಡಿದರೆ ಬಿಸಿಲು ಒಳಗೆ ನುಗ್ಗುತ್ತದೆ. ನೋಡದಿದ್ದರೆ ಗೊತ್ತಾಗುವುದಿಲ್ಲ. ಅವಳು ಗಂಟಿನ ಕಡೆಗೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಅದರ ನೀರು ಅದರ ಹತ್ರ ಇದೆ ತಾತಾ,” ಎಂದಳು. “ನೀವಿಬ್ರೂ ಕುಡೀರಿ.”

ಕೆಟ್ಟನೆಲದ ಅಂಚು ಮುಟ್ಟಿದಾಗ ನೆರಳು ಉದ್ದವಾಗಿತ್ತು. ಜೋಳದ ಹೊಲದಿಂದ ಮನೆಗೆ ಹೊರಟಿದ್ದ ಹೆಂಗಸೊಬ್ಬಳು ಕುಂಟುವವನನ್ನೂ ಬೆನ್ನ ಮೇಲಿನ ಗಂಟನ್ನೂ ನೋಡಿ ಬೆರಗಾಗಿ ನಿಂತಳು.

“ಅಯ್ಯೋ, ಕೂಸನ್ನ ಕಟ್ಕೊಂಡು ಕೆಟ್ಟನೆಲಕ್ಕೆ ಹೋಗಿದ್ಯಾ? ಗಂಡೋ ಹೆಣ್ಣೋ?”

“ಮುದುಕಿ, ನಾನಾ,” ಎಂದ ಸೆಲೆರಿನೊ. “ನಿಮ್ಮ ಅಜ್ಜೀಗಿಂತ ಹಳಬಳು.”

ನರ್ಸರಿಯ ನೆರಳಿನಲ್ಲಿ ಎವೆಲಿಯಾ ಗಂಟು ಬಿಚ್ಚಿದಳು. ಹೊರಗಿನ ಪಾಚಿ ಒಣಹುಲ್ಲಾಗಿತ್ತು. ಮಣ್ಣಿನ ಅಂಚು ಮರಳಿನಂತೆ ಉದುರಿತು. ಅವಳು ನಡುವಿನಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. ತಿಕ್ಕಿದಳು. ಬೆರಳು ಒದ್ದೆಯಾಯಿತು.

*

ಎಲ್ಲ ಸಸಿಗಳೂ ಬದುಕಲಿಲ್ಲ. ಮೊದಲ ಮಡಿ ಮಳೆ ಶುರುವಾದ ಮೇಲೂ ಮಂಕಾಗಿಯೇ ಇತ್ತು. ಎವೆಲಿಯಾಳ ನಿದ್ದೆ ಹೋಯಿತು. ಆಮೇಲೆ ಒಂದು ಮೂಲೆಯಲ್ಲಿ ತುದಿಗಳು ತಿಳಿಹಸಿರಾದವು. ಮೂಲೆಯಿಂದ ಸಾಲಿಗೆ, ಸಾಲಿನಿಂದ ಪಕ್ಕದ ಮಡಿಗೆ.

ಸತ್ತವರ ಹಬ್ಬಕ್ಕೆ ಚೆಂಡುಹೂ ಕೊಯ್ಯುವ ವಾರ ನಾನಾ ತೊಮಾಸಾ ಒಬ್ಬಳೇ ನರ್ಸರಿಗೆ ಬಂದಳು. ಮಡಿಗಳ ನಡುವೆ ನಡೆದು, ತಾನೇ ಒಂದು ಸಸಿ ಆರಿಸಿ, ಕಪ್ಪು ಚೀಲ ಹರಿದು ಮೇಲೆತ್ತಿ ಕೊಡವಿದಳು. ಮಣ್ಣು ಉದುರಲಿಲ್ಲ. ಬಿಳಿ ಎಳೆಗಳು ಅದನ್ನು ಬೇರಿಗೆ ಹೊಲಿದುಬಿಟ್ಟಿದ್ದವು. ಮುದುಕಿ ಅದನ್ನು ಕಣ್ಣಿನ ಹತ್ತಿರ ತಂದು, ತಿರುಗಿಸಿ, ಮೂಸಿ ನೋಡಿದಳು.

“ಅರ್ಧಬೆಟ್ಟಕ್ಕೂ ಸಾಲಲ್ಲ ಇವು,” ಎಂದಳು.

“ಸಾಲಲ್ಲ ನಾನಾ. ಮುಂದಿನ ಮಳೆಗೆ ಇಷ್ಟು, ಉಳಿದದ್ದು ಅದರ ಮುಂದಿನ ವರ್ಷ.”

ನಾನಾ ತೊಮಾಸಾ ಸಸಿಯನ್ನು ಕೆಳಗಿಡದೆ, ಸುಟ್ಟಬೆಟ್ಟದ ಕಡೆಗೆ ಕಣ್ಣು ಕಿರಿದುಮಾಡಿ ನೋಡಿದಳು.

“ಮಳೆ ಬಿದ್ಮೇಲೆ ಯಾವ ಕಡೆಯಿಂದ ನೆಡೋಕೆ ಶುರು ಮಾಡೋಣ? ಬಡಗಣ ಮಗ್ಗುಲಲ್ಲಿ ನೆರಳು ಜಾಸ್ತಿ, ಅಲ್ವಾ?”